ಪಕ್ಕದವರ ಮೇಲೆ ರೇಗುವ ಮೊದಲು ಗೋಡೆಯನ್ನು ನೋಡಿ

ಹಳೇ ಕಟ್ಟಡದಲ್ಲಿರುವ ಯಾವ ವಿಭಾಗಕ್ಕೆ ಬೇಕಾದರೂ ಹೋಗಿ, ಸಂಶೋಧನಾ ವಿದ್ಯಾರ್ಥಿಗಳ ಕೊಠಡಿಯಲ್ಲಿ ನಡೆಯುವ ಜಗಳಗಳು ಹೆಚ್ಚುಕಡಿಮೆ ಒಂದೇ ಥರ. ಯಾರೋ ಕೆಟಲ್ ಹಾಕಿ ಫ್ಯೂಸ್ ಹಾರಿಸಿದರು. ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಾರೆ. ಯಾರೋ ಪ್ರಿಂಟರ್ ಕೆಡಿಸಿದರು. ಯಾರದೋ ಡಬ್ಬಿ ನಾರುತ್ತಿದೆ. ಯಾರೋ ಕಿಟಕಿ ತೆಗೆದಿಟ್ಟು ಹೋದರು. ಐದು ವರ್ಷ ಒಂದೇ ಕೋಣೆಯಲ್ಲಿ ಕೂರಬೇಕಾದ ಹತ್ತು ಹನ್ನೆರಡು ಜನರ ನಡುವೆ ಈ ‘ಯಾರೋ’ ಬೆಳೆಯುತ್ತಾ ಹೋಗುತ್ತಾನೆ. ಥೀಸಿಸ್ ಸಾಗದೆ ತಲೆ ಬಿಸಿಯಾದ ದಿನ ಅವನಿಗೊಂದು ಹೆಸರೂ ಸಿಕ್ಕಿಬಿಡುತ್ತದೆ. ಈ ‘ಯಾರೋ’ ಬಹಳ ಸಲ ಮನುಷ್ಯನೇ ಅಲ್ಲ, ಕಟ್ಟಡ ಅಂತ ತೋರಿಸುವುದು ನನ್ನ ಇವತ್ತಿನ ಉದ್ದೇಶ. ನಿಮ್ಮಲ್ಲಿ ಇತಿಹಾಸದವರಿದ್ದೀರಿ, ರಸಾಯನಶಾಸ್ತ್ರದವರಿದ್ದೀರಿ. ನಾನು ಹೇಳುವುದರಲ್ಲಿ ಮುಕ್ಕಾಲು ಭಾಗ ಇಬ್ಬರಿಗೂ ಅನ್ವಯಿಸುತ್ತದೆ.

ಕೆಟಲ್‌ನಿಂದಲೇ ಶುರುಮಾಡೋಣ. ದೀಪ, ಫ್ಯಾನಿಗೆಂದು ಹಿಂದೆ ಎಳೆದ ಸರ್ಕ್ಯೂಟಿಗೆ ಸಾಮಾನ್ಯವಾಗಿ 5 ಅಥವಾ 6 ಆಂಪಿಯರ್ ಫ್ಯೂಸ್ ಇರುತ್ತದೆ. ಆಗ ಆ ಕೋಣೆಯಲ್ಲಿ ಇಷ್ಟು ಯಂತ್ರ ಇರುತ್ತವೆಂದು ಯಾರೂ ಎಣಿಸಿರಲಿಲ್ಲ. ಈಗ ಲೆಕ್ಕ ಹಾಕಿ: 230 ವೋಲ್ಟಿನಲ್ಲಿ 65 ವ್ಯಾಟ್‌ನ ಒಂದು ಲ್ಯಾಪ್‌ಟಾಪ್ ಎಳೆಯುವುದು ಸುಮಾರು 0.3 ಆಂಪಿಯರ್. ಹನ್ನೆರಡು ಜನ ಕೂತರೆ ಮೂರೂವರೆ. ಅದರ ಮೇಲೆ 1500 ವ್ಯಾಟ್‌ನ ಕೆಟಲ್ ಹಾಕಿದರೆ ಇನ್ನೊಂದು ಆರೂವರೆ. ಒಟ್ಟು ಹತ್ತು ಆಂಪಿಯರ್. ತಂತಿ ಕಟ್ಟುವ ಹಳೇ ಮಾದರಿಯ ಫ್ಯೂಸು ಮಿತಿ ದಾಟಿದ ತಕ್ಷಣ ಕರಗುವುದಿಲ್ಲ, ಹೆಚ್ಚುಕಡಿಮೆ ಎರಡರಷ್ಟು ಕರೆಂಟ್ ಹರಿಯಬೇಕು. ಹಾಗಾಗಿ ಐದು ಜನರಿದ್ದಾಗ ಕೆಟಲ್ ಸರಾಗವಾಗಿ ಕುದಿಯುತ್ತದೆ, ಹನ್ನೆರಡು ಜನರಿದ್ದಾಗ ಫ್ಯೂಸ್ ಹಾರುತ್ತದೆ. ಬೈಸಿಕೊಳ್ಳುವವರು ಕೊನೆಗೆ ಸ್ವಿಚ್ ಒತ್ತಿದವರು. ಹಾರಿಸಿದ್ದು ಮಾತ್ರ ಎಲ್ಲರೂ ಸೇರಿ.

ಇದಕ್ಕೆ ಮಾಡಬೇಕಾದದ್ದು ಸುಲಭ. ಒಂದು ಭಾನುವಾರ ಇಬ್ಬರು ಕೂತು, ಯಾವ ಸಾಕೆಟ್ ಯಾವ ಫ್ಯೂಸಿಗೆ ಸೇರಿದೆ ಎಂದು ಒಂದೊಂದಾಗಿ ಆರಿಸಿ ನೋಡಿ ಬರೆದಿಡಿ. ಎಷ್ಟೋ ಕೋಣೆಗಳಲ್ಲಿ ಎದುರುಬದುರು ಗೋಡೆಯ ಸಾಕೆಟ್‌ಗಳು ಬೇರೆ ಬೇರೆ ಸರ್ಕ್ಯೂಟಿನಲ್ಲಿರುತ್ತವೆ. ಪಕ್ಕದ ಕೋಣೆಯ ದೀಪ ನಿಮ್ಮ ಫ್ಯೂಸಿನ ಮೇಲೆ ಉರಿಯುತ್ತಿರುವುದೂ ಉಂಟು. ಕೆಟಲ್, ಹೀಟರ್, ಇಸ್ತ್ರಿಪೆಟ್ಟಿಗೆಯಂಥ ಶಾಖದ ಸಾಮಾನುಗಳೆಲ್ಲ ಪವರ್ ಪಾಯಿಂಟಿಗೆ ಮಾತ್ರ, ಒಂದು ಹೊತ್ತಿಗೆ ಒಂದೇ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಉದ್ದದ ವೈರನ್ನು ಸುತ್ತಿಟ್ಟು ಲೋಡ್ ಹಾಕಬೇಡಿ, ಸುರುಳಿಯೊಳಗೆ ಶಾಖ ನಿಲ್ಲುತ್ತದೆ. ಇನ್ನು ಮೇಲಿಂದ ಮೇಲೆ ಹಾರುತ್ತದೆ ಎಂದು ಫ್ಯೂಸಿಗೆ ದಪ್ಪ ತಂತಿ ಕಟ್ಟುವ ಜಾಣರು ಪ್ರತಿ ಕಟ್ಟಡದಲ್ಲೂ ಒಬ್ಬರಿರುತ್ತಾರೆ. ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಉಳಿಯುತ್ತದೆ, ಅದರ ಬದಲು ಗೋಡೆಯೊಳಗಿನ ವೈರು ಬಿಸಿಯೇರುತ್ತದೆ. ಅದೇನಾದರೂ ರಬ್ಬರ್ ಹೊದಿಕೆಯ ಹಳೇ ವೈರಾಗಿದ್ದರೆ, ಆ ರಬ್ಬರು ವಯಸ್ಸಾದಂತೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬೆಂಕಿ ಹತ್ತುವುದು ಅಲ್ಲಿ.

ಇನ್ನೊಂದು ಲಕ್ಷಣ ಹೇಳಿಬಿಡುತ್ತೇನೆ. ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಕೈ ಸವರಿದಾಗ ಸಣ್ಣಗೆ ಜುಮ್ಮೆಂದರೆ, ಮೂರು ಪಿನ್ನಿನ ಅಡಾಪ್ಟರ್ ಹಾಕಿಯೂ ಹಾಗಾದರೆ, ಆ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲವೆಂದು ಅನುಮಾನಿಸಬೇಕು. ಮೂರನೇ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ತಂತಿ ಇದೆಯೆಂದಲ್ಲ. ಲ್ಯಾಬ್ ಉಪಕರಣವನ್ನು ಅಲ್ಲಿಗೆ ಜೋಡಿಸುವ ಮೊದಲು ಎಲೆಕ್ಟ್ರಿಷಿಯನ್ ಬಂದು ನೋಡಲಿ.

ಈಗ ತೇವ. ಹಳೇ ಕಟ್ಟಡದ ನಿಜವಾದ ಯಜಮಾನ ಅದು. ಕಲ್ಲು, ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆ ನೆಲದಿಂದ ನೀರನ್ನು ಹೀರುತ್ತದೆ, ಮೈಯಿಂದ ಆರಿಸಿಕೊಳ್ಳುತ್ತದೆ. ಎಷ್ಟೋ ದಶಕ ಹಾಗೇ ನಡೆದಿರುತ್ತದೆ. ಆಮೇಲೆ ಯಾರೋ ದುರಸ್ತಿಯ ಹೆಸರಿನಲ್ಲಿ ಸಿಮೆಂಟ್ ಪ್ಲಾಸ್ಟರ್ ಬಳಿದು ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಯುತ್ತಾರೆ. ನೀರು ಹೀರುವುದು ನಿಲ್ಲುವುದಿಲ್ಲ, ಆರುವುದು ಮಾತ್ರ ನಿಲ್ಲುತ್ತದೆ. ಹೊರಗೆ ಹೋಗಲಾರದ ತೇವ ಇನ್ನೂ ಮೇಲಕ್ಕೆ ಏರುತ್ತದೆ. ನೆಲದಿಂದ ಒಂದು ಮೀಟರ್ ಎತ್ತರದವರೆಗೆ ಪೇಂಟು ಉಬ್ಬಿ, ಬಿಳೀ ಉಪ್ಪಿನ ಪುಡಿ ಉದುರುತ್ತಿದ್ದರೆ ಇದೇ ಕಾರಣ. ಅದರ ಮೇಲೆ ಇನ್ನೊಂದು ಕೋಟ್ ಪೇಂಟ್ ಹೊಡೆಸಿಕೊಡಿ ಎಂದು ಅರ್ಜಿ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ.

ಆ ಗೋಡೆಗೆ ಆನಿಸಿ ಪುಸ್ತಕದ ಬೀರು ಇಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಗಾಳಿಯ ತೇವಾಂಶ ಶೇ. 65 ದಾಟಿ ಹಲವು ದಿನ ನಿಂತರೆ ಕಾಗದ, ಬಟ್ಟೆ, ಚರ್ಮದ ಮೇಲೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಕೋಣೆಯ ನಡುವೆ ಶೇ. 60 ತೋರಿಸಿದರೂ ಬೀರುವಿನ ಹಿಂದೆ, ಗಾಳಿಯಾಡದ ಆ ಎರಡು ಬೆರಳಿನ ಸಂದಿಯಲ್ಲಿ, ಅದಕ್ಕಿಂತ ಜಾಸ್ತಿ ಇರುತ್ತದೆ. ಬೀರುವನ್ನು ಹೊರಗೋಡೆಯಿಂದ ಕನಿಷ್ಠ 5 ಸೆಂಟಿಮೀಟರ್ ಎಳೆದು ನಿಲ್ಲಿಸಿ. ಸಾಧ್ಯವಾದರೆ ಒಳಗೋಡೆಗೇ ಸಾಗಿಸಿ. ಕೆಳಗಿನ ಅರೆ ನೆಲದಿಂದ 15 ಸೆಂಟಿಮೀಟರಾದರೂ ಮೇಲಿರಲಿ. ಪುಸ್ತಕಗಳನ್ನು ಬೆರಳು ತೂರದಷ್ಟು ಬಿಗಿಯಾಗಿ ತುರುಕಬೇಡಿ. ಬೂಷ್ಟು ಹಿಡಿದ ಪುಸ್ತಕ ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಮೊದಲು ಬೇರೆ ಇಟ್ಟು ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮೃದು ಬ್ರಷ್ಷಿನಿಂದ ಕಟ್ಟಡದ ಹೊರಗೆ ಉದುರಿಸಬೇಕು.

ಕಿಟಕಿಯ ಜಗಳ ಇಲ್ಲಿಗೆ ಸೇರಿದ್ದು. ‘ಥಂಡಿ ವಾಸನೆ, ಕಿಟಕಿ ತೆಗೆಯಿರಿ’ ಎನ್ನುವವರು ಒಂದು ಪಕ್ಷ, ‘ತೆಗೆದರೆ ಇನ್ನೂ ಜಾಸ್ತಿ’ ಎನ್ನುವವರು ಇನ್ನೊಂದು. ಇಬ್ಬರೂ ಸರಿ, ಆದರೆ ಬೇರೆ ಬೇರೆ ದಿನ. ದಪ್ಪ ಗೋಡೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಹೊರಗೆ 30 ಡಿಗ್ರಿ ಬಿಸಿ, ಶೇ. 80 ತೇವಾಂಶ ಇರುವ ದಿನ ಒಳಗೋಡೆಯ ಮೈ ಇನ್ನೂ 22 ಡಿಗ್ರಿಯಲ್ಲಿರಬಹುದು. ಆ ಗಾಳಿಯ ಇಬ್ಬನಿ ಬಿಂದು (ಗಾಳಿಯಲ್ಲಿನ ಆವಿ ನೀರಾಗಿ ಕೂರುವ ಉಷ್ಣಾಂಶ) ಸುಮಾರು 26 ಡಿಗ್ರಿ. ಅಂದರೆ ಕಿಟಕಿ ತೆಗೆದ ಕೂಡಲೇ ಹೊರಗಿನ ಗಾಳಿ ತಣ್ಣನೆಯ ಗೋಡೆಗೆ ತಾಗಿ ಬೆವರಿನಂತೆ ನೀರು ಕೂರುತ್ತದೆ. ಒಣ ಹವೆಯ ದಿನ ಅದೇ ಕಿಟಕಿ ಕೋಣೆಯನ್ನು ಆರಿಸುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ಇಬ್ಬನಿ ಬಿಂದು ಕೊಟ್ಟಿರುತ್ತಾರೆ. ಅದು ಗೋಡೆಯ ಉಷ್ಣಾಂಶಕ್ಕಿಂತ ಕೆಳಗಿದ್ದರೆ ತೆಗೆಯಿರಿ, ಮೇಲಿದ್ದರೆ ಮುಚ್ಚಿ. ಕೋಣೆಗೊಂದು ಸಣ್ಣ ತೇವಾಂಶ ಮಾಪಕ ತಂದು ನೇತುಹಾಕಿದರೆ ಈ ವಾದ ಅಭಿಪ್ರಾಯದ ಮಟ್ಟದಿಂದ ಅಂಕಿಯ ಮಟ್ಟಕ್ಕೆ ಬರುತ್ತದೆ. ಸಂಶೋಧಕರಿಗೆ ಅದು ಹಿಡಿಸಬೇಕು.

ಪ್ರಿಂಟರಿನ ವಿಷಯವೂ ತೇವದ್ದೇ. ರೀಮ್ ಒಡೆದು ಬಿಚ್ಚಿಟ್ಟ ಕಾಗದ ಗಾಳಿಯ ನೀರನ್ನು ಹೀರಿ ಅಂಚಿನಲ್ಲಿ ಸೊಟ್ಟಗಾಗುತ್ತದೆ. ಲೇಸರ್ ಪ್ರಿಂಟರಿನ ಬಿಸಿ ರೋಲರಿನಲ್ಲಿ ಇನ್ನಷ್ಟು ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ಪುಟ ಒಟ್ಟಿಗೆ ಎಳೆದುಕೊಳ್ಳುವುದೂ ಇದರಿಂದಲೇ. ಟ್ರೇಗೆ ಆ ದಿನಕ್ಕೆ ಬೇಕಾದಷ್ಟು, ಐವತ್ತೋ ನೂರೋ ಹಾಳೆ ಹಾಕಿ. ಉಳಿದದ್ದು ಅದರದೇ ಕವರಿನಲ್ಲಿ ಮುಚ್ಚಿರಲಿ. ಥೀಸಿಸ್ ಸಲ್ಲಿಸುವ ಹಿಂದಿನ ರಾತ್ರಿ ಪ್ರಿಂಟರನ್ನು ಶಪಿಸುವವರು ಹೊಸ ರೀಮ್ ಒಡೆದು ಹಾಕಿ ನೋಡಲಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಸ್ವಲ್ಪ ದಾರಿ ತಪ್ಪುತ್ತೇನೆ. ಥಂಡಿ ಕೋಣೆಯಲ್ಲಿ ಡಾಕ್ಟರೇಟ್ ಮಾಡಿದವರಲ್ಲಿ ಮೇರಿ ಕ್ಯೂರಿಯವರೂ ಒಬ್ಬರು. ಪ್ಯಾರಿಸ್ಸಿನ ಶಾಲೆಯೊಂದರ ಉಗ್ರಾಣದಂಥ ಕೋಣೆಯಲ್ಲಿ ಅವರು ಕೆಲಸ ಶುರುಮಾಡಿದ್ದು. 1898ರ ಫೆಬ್ರವರಿಯ ಒಂದು ದಿನ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಕೋಣೆಯ ಉಷ್ಣಾಂಶ 6.25 ಡಿಗ್ರಿ ಎಂದು ಬರೆದು ಮುಂದೆ ಸಾಲಾಗಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದಾರೆ. ಅವರು ಬಳಸುತ್ತಿದ್ದ ಎಲೆಕ್ಟ್ರೋಮೀಟರಿಗೆ ತೇವ ಕಂಡರಾಗದು, ವಿದ್ಯುದಾವೇಶ ಸೋರಿಹೋಗುತ್ತದೆ. ಕಷ್ಟಪಟ್ಟರೆ ಫಲವುಂಟು ಎಂಬ ಪಾಠಕ್ಕೆ ಇದನ್ನು ಉದಾಹರಿಸುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕೋಣೆಯ ಸ್ಥಿತಿಯನ್ನೂ ಅವರು ಅಳತೆಯ ಪಕ್ಕದಲ್ಲೇ ಬರೆದಿಟ್ಟರು. ನೀವೂ ಲ್ಯಾಬ್ ಪುಸ್ತಕದಲ್ಲಿ ದಿನದ ಉಷ್ಣಾಂಶ, ತೇವಾಂಶ ಬರೆಯಿರಿ. ಮಾರ್ಚಿನ ಫಲಿತಾಂಶ ಆಗಸ್ಟಿನಲ್ಲಿ ಯಾಕೆ ಬರಲಿಲ್ಲ ಎಂದು ಗೈಡ್ ಕೇಳಿದಾಗ ಉತ್ತರ ಆ ಅಂಚಿನಲ್ಲಿರಬಹುದು.

ಸದ್ದಿಗೆ ಬರೋಣ. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೊಠಡಿ ಹೊಸದಾಗಿ ತೆರೆದಿತ್ತು, ಆದರೆ ಅಲ್ಲಿ ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಅದು ಸಾಯುವಷ್ಟರಲ್ಲಿ ಮೇಲೆ ಇನ್ನೂ ಹತ್ತು ಪದ ಬಿದ್ದಿರುತ್ತಿದ್ದವು. ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಬೀದಿಯ ಸದ್ದು ಅಡಗಿದ ಮೇಲೆ, ರಾತ್ರಿ ಹೊತ್ತು, ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಜೊತೆಗೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಹೊತ್ತು ತಂದ ಸೀಟಿನ ದಿಂಬುಗಳು, ಇಷ್ಟಿಟ್ಟುಕೊಂಡು ಅವರು ಅಳೆದರು. ದಿಂಬು ಹೆಚ್ಚಿದಷ್ಟೂ ಮೊರೆತ ಕಡಿಮೆ. ಅಲ್ಲಿಂದ ಹೊರಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರಿಕೆಯಿಂದ (ಸದ್ದನ್ನು ಪೂರ್ತಿ ಹೀರುವ ಎಷ್ಟು ಚದರ ಮೀಟರ್ ಮೈಗೆ ಆ ಕೋಣೆ ಸಮ ಎಂಬ ಲೆಕ್ಕ) ಭಾಗಿಸಿದರೆ ಮೊರೆತದ ಸೆಕೆಂಡು ಸಿಗುತ್ತದೆ.

ನಿಮ್ಮ ಕೋಣೆಗೆ ಹಾಕಿ ನೋಡೋಣ. ಹತ್ತು ಮೀಟರ್ ಉದ್ದ, ಎಂಟು ಅಗಲ, ಆರು ಎತ್ತರ: 480 ಘನಮೀಟರ್. ಬರೀ ಗಾರೆ ಗೋಡೆ, ಕಲ್ಲು ನೆಲ, ಮರದ ಮೇಜು; ಹೀರಿಕೆ 30 ಚದರ ಮೀಟರಿನಷ್ಟು ಎಂದಿಟ್ಟುಕೊಳ್ಳಿ. ಮೊರೆತ 2.6 ಸೆಕೆಂಡು. ಒಬ್ಬರು ಮೆಲ್ಲಗೆ ಫೋನಿನಲ್ಲಿ ಮಾತಾಡಿದರೂ ಅದು ಕೋಣೆಯೆಲ್ಲ ತುಂಬುತ್ತದೆ. ಆ ಗದ್ದಲದ ಮೇಲೆ ಮಾತು ಕೇಳಿಸಲಿ ಎಂದು ಎರಡನೆಯವರು ತಮಗರಿವಿಲ್ಲದೆ ದನಿ ಏರಿಸುತ್ತಾರೆ. ಇದನ್ನು ಗುರುತಿಸಿ 1911ರಲ್ಲಿ ಪ್ರಕಟಿಸಿದವರು ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು. ಇನ್ನು ಮೂರನೆಯವರು ಎದ್ದು ‘ಸ್ವಲ್ಪ ಮೆಲ್ಲಗೆ’ ಎಂದು ಕೂಗುತ್ತಾರೆ. ಈಗ ಇಪ್ಪತ್ತು ಚದರ ಮೀಟರ್ ದಪ್ಪನೆಯ ಪರದೆಯನ್ನು ನೆರಿಗೆ ಬಿಟ್ಟು ತೂಗುಹಾಕಿ. ಅದು ತನಗೆ ತಾಗಿದ ಸದ್ದಿನ ಅರ್ಧದಷ್ಟನ್ನು ಹೀರಿದರೆ ಹೀರಿಕೆಗೆ ಹತ್ತು ಸೇರಿ ಒಟ್ಟು 40 ಆಯಿತು, ಮೊರೆತ 1.9 ಸೆಕೆಂಡಿಗೆ ಇಳಿಯಿತು. ತುಂಬಿದ ಪುಸ್ತಕದ ಕಪಾಟು, ದಪ್ಪ ಕಾರ್ಕ್ ಬೋರ್ಡ್, ಕಾಲಡಿಯ ಜಮಖಾನೆ ಎಲ್ಲವೂ ಅಷ್ಟಿಷ್ಟು ಸೇರಿಸುತ್ತವೆ. ಎದುರುಬದುರು ಇರುವ ಎರಡು ಬೋಳು ಗೋಡೆಗಳಲ್ಲಿ ಒಂದನ್ನಾದರೂ ಮುಚ್ಚಿ. ಮೊಟ್ಟೆ ಟ್ರೇ ಅಂಟಿಸುವುದು ಕೆಲಸಕ್ಕೆ ಬಾರದು, ಬೆಂಕಿಗೂ ಆಹಾರ. ‘ಮೌನ ಕಾಪಾಡಿ’ ಎಂಬ ಬೋರ್ಡಿಗಿಂತ ಪರದೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಫೋನ್ ಬಂದಾಗ ಮೆಟ್ಟಿಲಿಗೆ ಓಡಬೇಡಿ. ಹಳೇ ಕಟ್ಟಡದ ಮೆಟ್ಟಿಲಿನ ಬಾವಿ ಮೂರು ಮಹಡಿಗೂ ನಿಮ್ಮ ಸಂಸಾರ ತಾಪತ್ರಯವನ್ನು ತಲುಪಿಸುತ್ತದೆ.

ಮರದ ಅಂತಸ್ತಿನ ಮೇಲೆ ಲ್ಯಾಬ್ ಇದ್ದವರಿಗೆ ಒಂದು ಮಾತು: ತಕ್ಕಡಿ, ಮೈಕ್ರೋಸ್ಕೋಪನ್ನು ಕೋಣೆಯ ನಡುವೆ ಇಡಬೇಡಿ. ತೊಲೆಯ ನಡುಭಾಗ ಹೆಚ್ಚು ತುಯ್ಯುತ್ತದೆ. ಭಾರ ಹೊರುವ ಗೋಡೆಯ ಪಕ್ಕ, ಮೂಲೆಯಲ್ಲಿ ಇಟ್ಟರೆ ಯಾರಾದರೂ ನಡೆದಾಗ ಕೊನೆಯ ದಶಮಾಂಶ ಕುಣಿಯುವುದು ಕಡಿಮೆಯಾಗುತ್ತದೆ.

ವಾಸನೆ. ಕೊಳಚೆಯ ವಾಸನೆ ಬಂದಾಗ ಎಲ್ಲರೂ ಮೊದಲು ಫ್ರಿಜ್ ತೆರೆದು, ಆಮೇಲೆ ಯಾರದೋ ಬ್ಯಾಗು ನೋಡುತ್ತಾರೆ. ನೀವು ಸಿಂಕಿನ ಕೆಳಗೆ ನೋಡಿ. ಅಲ್ಲಿ ಪೈಪು ‘ಯು’ ಆಕಾರದಲ್ಲಿ ಬಾಗಿರುತ್ತದೆ. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಹಳೇ ಕಟ್ಟಡದಲ್ಲಿ ಒಂದು ಕಾಲಕ್ಕೆ ಲ್ಯಾಬ್ ಆಗಿದ್ದ ಕೋಣೆ ಈಗ ಸೆಮಿನಾರ್ ಹಾಲ್ ಆಗಿರುತ್ತದೆ, ಮೂಲೆಯ ಸಿಂಕನ್ನೋ ನೆಲದ ಜಾಲರಿಯನ್ನೋ ಯಾರೂ ಬಳಸುವುದಿಲ್ಲ. ಕೆಲವು ವಾರದಲ್ಲಿ ಬಾಗಿನ ನೀರು ಆವಿಯಾಗಿ ವಾಸನೆ ನೇರ ಒಳಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೆರಡು ಲೀಟರ್ ನೀರು ಸುರಿಯಿರಿ. ರಜೆಗೆ ಹೋಗುವ ಮುನ್ನ ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಮೀಟರ್ ಕಲ್ಲು ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ವಾಸಿ, ಗಾರೆಯೊಳಗೆ ಲೋಹದ ಜಾಲರಿ ಇದ್ದರೆ ಎರಡೂ ಸೋಲುತ್ತವೆ. ರೂಟರು ಬಾಗಿಲಿನ ನೇರಕ್ಕೆ ಇರಲಿ. ನಿಮ್ಮ ಮೇಜು ಕದಲುವುದಿಲ್ಲವಾದರೆ ನೂರು ಮೀಟರಿನವರೆಗೂ ನಡೆಯುವ ಕೇಬಲ್ ಎಳೆಸಿಕೊಳ್ಳುವುದು ಒಳ್ಳೆಯದು.

ಆದರೆ ಕೇಬಲ್ಲಿಗೆ ಗೋಡೆ ಕೊರೆಯುವ ಮೊದಲು ನಿಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ‘ಬಿಲ್ಡಿಂಗ್ 20’ ಎಂಬುದೊಂದಿತ್ತು. ಯುದ್ಧಕಾಲದಲ್ಲಿ, 1943ರಲ್ಲಿ, ತಾತ್ಕಾಲಿಕವೆಂದು ಕಟ್ಟಿದ ಮರದ ಕಟ್ಟಡ 1998ರವರೆಗೆ ನಿಂತಿತು. ಅಲ್ಲಿದ್ದವರಿಗೆ ಅದು ಪ್ರಿಯವಾಗಿತ್ತು, ಕಾರಣ ಯಾರನ್ನೂ ಕೇಳದೆ ಗೋಡೆ ತೂತು ಮಾಡಬಹುದಿತ್ತು, ಪೈಪು ತೂರಿಸಬಹುದಿತ್ತು. ಈ ಕಥೆ ಕೇಳಿ ಉತ್ಸಾಹಗೊಂಡು ಡ್ರಿಲ್ ಹಿಡಿಯುವವರಿಗೆ ಹೇಳುತ್ತೇನೆ: ನಿಮ್ಮ ಗೋಡೆ ಅಂಥದ್ದಲ್ಲ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಇಪ್ಪತ್ತನೇ ಶತಮಾನದಲ್ಲಿ ಸೇರಿಸಿದ ಸೀಲಿಂಗ್ ಹಲಗೆ, ಪೈಪಿನ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕದಲಿಸದಿದ್ದರೆ ಅದರ ಪಾಡಿಗೆ ಅದು ಇರುತ್ತದೆ. ಕೊರೆದಾಗ, ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೊಳೆ ಹೊಡೆಯುವುದಕ್ಕೂ ಕಟ್ಟಡ ನೋಡಿಕೊಳ್ಳುವ ವಿಭಾಗವನ್ನು ಕೇಳಿ.

ಆ ವಿಭಾಗದವರು ಬರುವುದೇ ಇಲ್ಲ ಎನ್ನುತ್ತೀರಿ. ‘ನಮ್ಮ ಕೋಣೆ ಸೋರುತ್ತಿದೆ, ಕ್ರಮ ಕೈಗೊಳ್ಳಿ’ ಎಂದು ಬರೆದರೆ ನಾನೂ ಬರುತ್ತಿರಲಿಲ್ಲ. ಬಂದ ದಿನ ಬಿಸಿಲಿರುತ್ತದೆ, ಗೋಡೆ ಒಣಗಿರುತ್ತದೆ, ಅವರು ಏನು ನೋಡಬೇಕು? ಹೀಗೆ ಬರೆಯಿರಿ: ಕೊಠಡಿ ಸಂಖ್ಯೆ, ಯಾವ ದಿಕ್ಕಿನ ಗೋಡೆ, ಕಿಟಕಿಯಿಂದ ಎಷ್ಟು ಅಡಿ, ಎಷ್ಟು ಹೊತ್ತಿಗೆ ಶುರುವಾಯಿತು, ಆಗ ಮಳೆ ಇತ್ತೇ, ಗಾಳಿ ಯಾವ ಕಡೆಯಿಂದ. ಮಳೆಯಿಲ್ಲದೆಯೂ ತೊಟ್ಟಿಕ್ಕಿದರೆ ಅದು ಪೈಪು. ಮಳೆ ಬಂದ ತಕ್ಷಣ ಸೋರಿದರೆ ಚಾವಣಿ. ಜೋರು ಮಳೆಯಲ್ಲಿ ಮಾತ್ರ, ಅದೂ ಗೋಡೆಗುಂಟ ಇಳಿದರೆ, ಸೂರಿನ ನೀರು ಹೋಗುವ ಪೈಪು ಎಲೆ, ಪಾರಿವಾಳದ ಗೂಡಿನಿಂದ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕಿ, ಬೆಳೆಯುತ್ತಿದೆಯೋ ಇಲ್ಲವೋ ಎಂದು ಎರಡೇ ವಾರದಲ್ಲಿ ತಿಳಿಯುತ್ತದೆ. ಹನಿ ಬೀಳುವ ಜಾಗದ ನೇರ ಮೇಲೆ ತೂತು ಇರುತ್ತದೆಂದು ಭಾವಿಸಬೇಡಿ. ನೀರು ತೊಲೆಗುಂಟ ಮೀಟರುಗಟ್ಟಲೆ ನಡೆದು ಬಂದಿರುತ್ತದೆ. ದುರಸ್ತಿಯಾಗುವವರೆಗೆ ಕಂಪ್ಯೂಟರ್ ನೆಲದ ಮೇಲೆ ಬೇಡ. ದತ್ತಾಂಶದ ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದಾದರೂ ಈ ಕಟ್ಟಡದ ಹೊರಗೆ. ಎರಡು ಹಾರ್ಡ್ ಡಿಸ್ಕನ್ನು ಒಂದೇ ಡ್ರಾಯರಿನಲ್ಲಿಟ್ಟು ಬ್ಯಾಕಪ್ ಇದೆ ಎನ್ನುವವರ ಎರಡೂ ಡಿಸ್ಕು ಒಟ್ಟಿಗೆ ನೆನೆಯುತ್ತವೆ.

ರಾತ್ರಿ ಕೆಲಸದ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ. ಬರೆಯುವುದು, ಓದುವುದು ಒಬ್ಬರೇ ಮಾಡಿ. ಬೆಂಕಿ, ಆಮ್ಲ, ಒತ್ತಡದ ಸಿಲಿಂಡರ್ ಇರುವ ಕೆಲಸ ಒಬ್ಬರೇ ಮಾಡಬೇಡಿ. ಗಾಳಿ ಬರಲಿ ಎಂದು ಬೆಂಕಿತಡೆ ಬಾಗಿಲಿಗೆ ಇಟ್ಟಿಗೆ ಒತ್ತರಿಸುವುದು ಬೇಡ. ಹಳೇ ಕಟ್ಟಡದಲ್ಲಿ ಮರದ ಮೆಟ್ಟಿಲಿಗೂ ಹೊಗೆಗೂ ನಡುವೆ ಇರುವುದು ಆ ಬಾಗಿಲೊಂದೇ. ಎರಡನೇ ದಾರಿ ಯಾವುದೆಂದು ಹಗಲಲ್ಲೇ ನಡೆದು ನೋಡಿ. ನಕ್ಷೆಯಲ್ಲಿರುವ ಬಾಗಿಲಿಗೆ ಎಷ್ಟೋ ಸಲ ಬೀಗ ಬಿದ್ದಿರುತ್ತದೆ.

ಕೊನೆಯದಾಗಿ, ಬಿಟ್ಟುಹೋಗುವವರ ವಿಷಯ. ಹಳೇ ಕಟ್ಟಡದ ಕಪಾಟುಗಳಲ್ಲಿ ಯಾವ ಕಾಲದಲ್ಲೋ ಪದವಿ ಪಡೆದು ಹೋದವರ ಸೀಸೆಗಳು ಇರುತ್ತವೆ. ಹೆಸರಿನ ಚೀಟಿ ಮಸುಕು, ಯಜಮಾನರಿಲ್ಲ. ಈಥರ್, ಟೆಟ್ರಾಹೈಡ್ರೋಫ್ಯೂರಾನ್‌ನಂಥ ದ್ರಾವಕಗಳಲ್ಲಿ ಗಾಳಿ ತಾಗಿದರೆ ನಿಧಾನವಾಗಿ ಪೆರಾಕ್ಸೈಡ್ ಎಂಬ ಸಿಡಿಯುವ ವಸ್ತು ಹುಟ್ಟುತ್ತದೆ. ಮುಚ್ಚಳದ ಸುತ್ತ ಹರಳು ಕಂಡರೆ ಮುಚ್ಚಳ ತಿರುಗಿಸಬೇಡಿ, ಅಲುಗಿಸಬೇಡಿ, ಆ ಉಜ್ಜಿಗೇ ಸಿಡಿಯಬಹುದು. ಒಣಗಿದ ಪಿಕ್ರಿಕ್ ಆಮ್ಲವೂ ಹಾಗೇ. ಕೋಣೆ ಖಾಲಿ ಮಾಡಿಸಿ, ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ. ನೀವು ಹೊಸದಾಗಿ ತೆರೆಯುವ ಪ್ರತಿ ಸೀಸೆಯ ಮೇಲೆ ವಸ್ತುವಿನ ಪೂರ್ತಿ ಹೆಸರು, ಪ್ರಮಾಣ, ನಿಮ್ಮ ಹೆಸರು, ತೆರೆದ ತಾರೀಖು, ಎಸೆಯಬೇಕಾದ ತಾರೀಖು ಬರೆಯಿರಿ. ತೆರೆದ ಈಥರಿಗೆ ಆರು ತಿಂಗಳು ಸಾಮಾನ್ಯ ಮಿತಿ. ‘ದ್ರಾವಣ ಎ’ ಎಂದು ಬರೆದು ಹೋಗುವುದಕ್ಕಿಂತ ಬರೆಯದೇ ಹೋಗುವುದೇನೂ ಕೆಟ್ಟದ್ದಲ್ಲ, ಎರಡೂ ಅಷ್ಟೇ ನಿರುಪಯೋಗಿ. ಊಟದ ಫ್ರಿಜ್ ಬೇರೆ, ಲ್ಯಾಬ್ ಮಾದರಿಗಳ ಫ್ರಿಜ್ ಬೇರೆ, ಇದರಲ್ಲಿ ರಾಜಿ ಇಲ್ಲ.

ಥೀಸಿಸ್ ಸಲ್ಲಿಸಲು ಒಂದು ತಿಂಗಳಿರುವಾಗಲೇ ಕಪಾಟು, ಫ್ರೀಜರಿನ ನಿಮ್ಮ ಪೆಟ್ಟಿಗೆ, ಡ್ರಾಯರು ಈ ಮೂರನ್ನೂ ನಿಮ್ಮ ನಂತರ ಆ ಮೇಜಿಗೆ ಬರುವವರ ಜೊತೆ ನಿಂತು ನೋಡಿ, ಬೇಡವಾದದ್ದನ್ನು ವಿಲೇವಾರಿಗೆ ಬರೆದುಕೊಡಿ. ಫ್ಯೂಸಿನ ನಕ್ಷೆ, ಸೋರುವ ಮೂಲೆ, ಯಾವ ಕಿಟಕಿಯ ಚಿಲಕ ಗಾಳಿಗೆ ಬಿಚ್ಚಿಕೊಳ್ಳುತ್ತದೆ, ಯಾವ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ, ಇವನ್ನು ಎರಡು ಪುಟದಲ್ಲಿ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ. ಕೀಲಿಯನ್ನು ಗೆಳೆಯರ ಕೈಗೆ ಕೊಟ್ಟು ಹೋಗಬೇಡಿ. ಕಚೇರಿಗೆ ಮರಳಿಸಿ, ಮರಳಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಬಾಕಿಯಿಲ್ಲ ಪ್ರಮಾಣಪತ್ರ ಕೇಳುವ ದಿನ ಅದು ಬೇಕಾಗುತ್ತದೆ.